ಜ್ವರಕ್ಕೆ ಕೂತ ಹುಳಕ್ಕೆ ವಿಶಲ್

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಹಾಸಿಗೆ ಮಡಿಸುವ ಪರೀಕ್ಷೆಯಲ್ಲಿ ಫೇಲಾದೆ. ನಾಲ್ಕನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಫೇಲಾಗಿ ಸ್ಕೂಲು ಬಿಟ್ಟವಳು ನಾನು. ಅದಾದ ಮೇಲೆ ಯಾರೂ ನನಗೆ ಪರೀಕ್ಷೆ ಇಟ್ಟಿರಲಿಲ್ಲ. ಈಗ ಇಟ್ಟವನು ನನ್ನ ಹೊಟ್ಟೆಯಲ್ಲಿ ಹುಟ್ಟಿದವನೇ. ಹದಿನೇಳು ವರ್ಷ ಮಿಲಿಟರಿಯಲ್ಲಿದ್ದು, ಹವಾಲ್ದಾರನಾಗಿ ರಿಟೈರಾಗಿ ಬಂದ ನನ್ನ ಮಗ ಶ್ರೀನಿವಾಸ, ಬಂದ ಮಾರನೆಯ ಬೆಳಗ್ಗೆ ಕೈ ಹಿಂದೆ ಕಟ್ಟಿಕೊಂಡು ನನ್ನ ಚಾಪೆಯ ಮುಂದೆ ನಿಂತ.

"ಅಮ್ಮಾ, ಇದೇನಮ್ಮಾ ಹೊದ್ದಿಕೆ ಹಿಂಗೆ ಸುತ್ತಿಟ್ಟಿದ್ದೀಯ? ಮೂಲೆಗೆ ಮೂಲೆ ಸೇರ್ಬೇಕು. ಹಾಸಿಗೆ ನೆಟ್ಟಗಿದ್ರೆ ದಿನ ಎಲ್ಲಾ ನೆಟ್ಟಗಿರುತ್ತೆ."

"ಲೋ ಸೀನ, ಆ ಹೊದ್ದಿಕೇಲಿ ಮೂಲೆ ಎಲ್ಲೈತೆ ಅಂತ ಮೊದ್ಲು ಹುಡುಕಪ್ಪ. ಎರಡು ಮೂಲೆ ಇಲಿ ತಿಂದಾಕೈತೆ" ಎಂದೆ.

ಅವನು ನಗಲಿಲ್ಲ. ಬಗ್ಗಿ, ಇಲಿ ಬಿಟ್ಟಿದ್ದ ಎರಡು ಮೂಲೆಗಳನ್ನೇ ಸೇರಿಸಿ, ಅಂಗೈಯಲ್ಲಿ ತೀಡಿ, ಇಟ್ಟಿಗೆಯ ಹಾಗೆ ಮಡಿಸಿ ಇಟ್ಟ. ಚೆನ್ನಾಗಿಯೇ ಇತ್ತು. ಆದರೆ ಆ ದಿನ ನೆಟ್ಟಗಿರಲಿಲ್ಲ. ತೋಟಕ್ಕೆ ನೀರೆತ್ತುವ ಮೋಟಾರು ಸುಟ್ಟುಹೋಯಿತು.

ನಮ್ಮೂರು ದಿಬ್ಬೂರಹಳ್ಳಿಯಿಂದ ಎರಡು ಮೈಲಿ ಒಳಕ್ಕಿದೆ. ರೇಷ್ಮೆ ಹುಳ ಸಾಕುವ ಊರು. ಮಗ ಗಡಿಯಲ್ಲಿದ್ದಷ್ಟು ಕಾಲ ಮನೆಯಲ್ಲಿದ್ದವರು ನಾನು, ಸೊಸೆ ಮಂಜುಳ, ಮೊಮ್ಮಗಳು ಭವ್ಯ, ಮತ್ತೆ ಹುಳ. ಹೇಗೋ ನಡೆದಿತ್ತು. ಶಿಸ್ತಿಲ್ಲದೆ ನಡೆದಿತ್ತು ಎಂಬುದು ಅವನು ಬಂದ ಮೇಲೆಯೇ ನಮಗೆ ಗೊತ್ತಾದದ್ದು.

ಬೆಳಗ್ಗೆ ಐದಕ್ಕೆ ವಿಶಲ್ ಹೊಡೆಯತೊಡಗಿದ. ನಾನು ನಾಲ್ಕೂವರೆಗೇ ಎದ್ದು ಅಂಗಳ ಗುಡಿಸುತ್ತಿದ್ದೆ. ನಾನು ಪೊರಕೆ ಹಿಡಿದು ನಿಂತಿರುವಾಗ ನನ್ನ ಕಿವಿಯ ಪಕ್ಕದಲ್ಲೇ ನನ್ನನ್ನು ಎಬ್ಬಿಸಲು ವಿಶಲ್ ಊದುತ್ತಿದ್ದ. ಮೂರನೆಯ ದಿನ ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಚೊಂಬು ಹಿಡಿದು ಬಂದಳು.

"ಏನಕ್ಕಾ, ನಿಮ್ ಮಿಲಿಟ್ರಿ ಪೀಪಿ ಊದೋ ಹೊತ್ಗೇ ನಾನು ಹಾಲು ಕರೆಯಕ್ಕೆ ಕೂರೋದು. ನಮ್ ಹಸ ಬೆದರಿ ಹಾಲೇ ಇಳಿಸ್ತಾ ಇಲ್ಲ. ಅದೇನು ಯುದ್ಧಕ್ಕೆ ಹೋಗ್ಬೇಕಾ?"

ಸೀನ ಅವಳಿಗೆ ಮರ್ಯಾದೆಯಿಂದ ತಿಳಿಸಿ ಹೇಳಿದ. ಚಿಕ್ಕ ಚಿಕ್ಕ ಅಭ್ಯಾಸಗಳನ್ನು ದಿನಾ ತಪ್ಪದೆ ಮಾಡಿದರೆ ಮನಸ್ಸು ಗಟ್ಟಿಯಾಗುತ್ತದಂತೆ, ಎಂಥ ಕಷ್ಟ ಬಂದರೂ ಮನುಷ್ಯ ಬಗ್ಗುವುದಿಲ್ಲವಂತೆ. ಮುನಿಲಕ್ಷ್ಮಮ್ಮ ಪೂರ್ತಿ ಕೇಳಿಸಿಕೊಂಡು, "ಅದನ್ನ ನಮ್ ಹಸಾಗೂ ಒಂದ್ಸಲ ಹೇಳಪ್ಪ" ಎಂದು ಹೋದಳು.

ಆಮೇಲೆ ಗೋಡೆಯ ಮೇಲೆ ಟೈಂಟೇಬಲ್ ಬಂತು. ಭವ್ಯ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟಳು. ನನ್ನ ಹೆಸರಿನ ಮುಂದೆ ಮಧ್ಯಾಹ್ನ ಎರಡರಿಂದ ಎರಡೂವರೆವರೆಗೆ 'ವಿಶ್ರಾಂತಿ' ಎಂದಿತ್ತು. ಹುಳಕ್ಕೆ ಮಧ್ಯಾಹ್ನದ ಹಿಪ್ಪುನೇರಳೆ ಸೊಪ್ಪು ಹಾಕುವುದು ಸರಿಯಾಗಿ ಆ ಹೊತ್ತಿಗೇ. ನನ್ನ ಎಲೆಯಡಿಕೆಗೆ ಹತ್ತು ನಿಮಿಷ ಕೊಟ್ಟಿದ್ದ. ಭಾನುವಾರ ಮನೆಮಂದಿಯನ್ನೆಲ್ಲ ಅಂಬಾಜಿದುರ್ಗ ಹತ್ತಿಸಿದ. ನಾನು ಬುಡದಲ್ಲೇ ಬಂಡೆಯ ಮೇಲೆ ಕೂತು ಪುರಿ ತಿಂದೆ. ಇಳಿದು ಬಂದಾಗ, "ಮೇಲೆ ಏನ್ ನೋಡಿದ್ರಿ?" ಎಂದು ಕೇಳಿದೆ. "ನೀನು ಪುರಿ ತಿನ್ನೋದು ಕಾಣ್ತಿತ್ತಜ್ಜಿ" ಎಂದಳು ಭವ್ಯ.

ಗೌರಿಬಿದನೂರಿನ ಒಂದು ಕಾಲೇಜಿನವರು ಅವನನ್ನು ಕರೆಸಿ ಶಿಸ್ತಿನ ಮೇಲೆ ಭಾಷಣ ಮಾಡಿಸಿದರು. ನಾನೂ ಹೋಗಿದ್ದೆ, ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. "ನಾನು ಎಲ್ಲಿದ್ದರೂ ಬೆಳಗ್ಗೆ ಎದ್ದ ತಕ್ಷಣ ನನ್ನ ಹಾಸಿಗೆ ನಾನೇ ಮಡಿಸುತ್ತೇನೆ" ಎಂದ. ಇಡೀ ಸಭೆ ಚಪ್ಪಾಳೆ ತಟ್ಟಿತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಕೂತಲ್ಲೇ ಯೋಚಿಸಿದೆ. ಆರು ಜನರ ಹಾಸಿಗೆಯನ್ನು ಐವತ್ತು ವರ್ಷ ಮಡಿಸಿದವಳು ನಾನು. ಅವನು ಉಚ್ಚೆ ಹುಯ್ದ ಹಾಸಿಗೆಯೂ ಅದರಲ್ಲಿ ಸೇರಿದೆ. ಗಂಡಸು ಒಂದು ಹಾಸಿಗೆ ಮಡಿಸಿದರೆ ಶಾಲು ಬರುತ್ತದೆ ಎಂದು ಮೊದಲೇ ತಿಳಿದಿದ್ದರೆ ನಮ್ಮ ಯಜಮಾನರಿಗೂ ಒಂದು ಕೊಡಿಸಿಬಿಡುತ್ತಿದ್ದೆ.

ಯಜಮಾನರ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಅವರು ತೀರಿಹೋದಾಗ ಮನೆಯಲ್ಲಿ ಹುಳ ದೊಡ್ಡದಾಗಿತ್ತು, ಬಕಾಸುರನ ಹಾಗೆ ತಿನ್ನುವ ಕಾಲ. ಮೂರು ದಿನ ಮುನಿಲಕ್ಷ್ಮಮ್ಮ ಸೊಪ್ಪು ಹಾಕಿದಳು. ನಾಲ್ಕನೆಯ ದಿನ ನಾನೇ ಎದ್ದು ಹುಳದ ಮನೆಗೆ ಹೋದೆ. "ಎಂಥ ಗಟ್ಟಿ ಗುಂಡಿಗೆ" ಎಂದು ಕೆಲವರು, "ಎಂಥ ಕಲ್ಲು ಹೆಂಗಸು" ಎಂದು ಇನ್ನು ಕೆಲವರು. ಎರಡೂ ಅಲ್ಲ. ಹುಳಕ್ಕೆ ಹಸಿವಾಗಿತ್ತು. ಅದು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳಿಸುತ್ತದೆ. ಆ ಸದ್ದಿನ ಮಧ್ಯೆ ನಿಂತು ನಾನು ಅತ್ತೆ, ಅಳುತ್ತಲೇ ಸೊಪ್ಪು ಹಾಕಿದೆ. ದಿನದ ಕೆಲಸ ಮನುಷ್ಯನನ್ನು ಗಟ್ಟಿ ಮಾಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬೀಳುವುದಕ್ಕೆ ಪುರುಸೊತ್ತು ಕೊಡುವುದಿಲ್ಲ, ಅಷ್ಟು ಗೊತ್ತು.

ಮಿಲಿಟರಿ ಬಿಟ್ಟು ಬಂದವರು ನಮ್ಮ ಕಡೆ ಸಾಮಾನ್ಯವಾಗಿ ಮಾಡುವುದು ಒಂದೇ. ಯಲಹಂಕದ ಕಡೆ ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯಾಗಿ ನಿಲ್ಲುತ್ತಾರೆ. ಸೀನನಿಗೂ ಅಂಥ ಕೆಲಸಕ್ಕೆ ಕರೆ ಬಂದಿತ್ತು. ಒಂದು ತಿಂಗಳಲ್ಲಿ ಉತ್ತರ ಹೇಳಬೇಕಿತ್ತು. ಅವನಿಗೆ ಮನಸ್ಸಿರಲಿಲ್ಲ, ಹುಳ ಸಾಕುತ್ತೇನೆ ಎಂದ. ಮಂಜುಳ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹದಿನೇಳು ವರ್ಷ ನಾನೂ ಅತ್ತೇನೂ ಸಾಕಿದೀವಿ ರೀ. ಈ ಒಂದು ಬೆಳೆ ನೀವೇ ತೆಗೀರಿ, ನಾವು ಕೈ ಹಾಕಲ್ಲ. ಗೂಡು ಕೈಗೆ ಬಂದ್ರೆ ಇಲ್ಲಿರಿ. ಹಾಳಾದ್ರೆ ಸುಮ್ಮನೆ ಆ ಗೇಟ್ ಕಾಯಕ್ಕೆ ಹೋಗಿ. ನಿಮ್ಮ ಟೈಂಟೇಬಲ್ ಬೇಕಾದ್ರೆ ಅಲ್ಲಿ ಅಂಟಿಸ್ಕೊಳ್ಳಿ."

ನಾನು ನಡುವೆ ಬಾಯಿ ಹಾಕಲಿಲ್ಲ. ಆದರೆ ಅವನು ಉಳಿಯಲಿ ಎಂಬುದು ನನ್ನ ಮನಸ್ಸಿನಲ್ಲಿತ್ತು. ಮಗನ ಮೇಲಿನ ಮಮತೆಯೊಂದೇ ಅಲ್ಲ, ನನ್ನ ಒಂದು ಕಣ್ಣಿಗೆ ಪೊರೆ ಬಂದಿತ್ತು. ಸೊಪ್ಪಿನ ಹೊರೆ ಎತ್ತುವ ಸೊಂಟವೂ ನನ್ನದಾಗಿ ಉಳಿದಿರಲಿಲ್ಲ. ಅವನು ಹೋದರೆ ಹುಳದ ಮನೆಗೆ ಬೀಗವೇ.

ಬೆಳೆ ಚೆನ್ನಾಗಿಯೇ ನಡೆಯಿತು. ಹೊತ್ತಿಗೆ ಸರಿಯಾಗಿ ಸೊಪ್ಪು, ಕೈಕಾಲು ತೊಳೆದೇ ಒಳಗೆ ಕಾಲಿಡುವುದು, ಸುಣ್ಣ ಉದುರಿಸುವುದು, ಒಂದೂ ತಪ್ಪಲಿಲ್ಲ. ನಮ್ಮ ಹುಳದ ಮನೆ ಅಷ್ಟು ಚೊಕ್ಕಟವಾಗಿದ್ದದ್ದನ್ನು ನಾನು ಕಂಡಿರಲಿಲ್ಲ. ಇದನ್ನು ಅವನ ಮುಂದೆ ಹೇಳಲಿಲ್ಲ.

ಗೂಡು ಕಟ್ಟುವ ಮೊದಲು ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರವೆಂದರೆ ಮೈ ಬಿಸಿಯಾಗುವುದಲ್ಲ. ಬೆಳೆದ ಮೈಗೆ ಹಳೆಯ ಚರ್ಮ ಬಿಗಿಯಾಗಿ, ಅದನ್ನು ಕಳಚುವುದಕ್ಕೆ ಹುಳ ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಆಗ ಸೊಪ್ಪು ಹಾಕಬಾರದು. ಮಾರನೆಯ ದಿನ ಒಂದೊಂದಾಗಿ ಏಳುತ್ತವೆ. ಮೊದಲು ಎದ್ದವು ಹಸಿದು ಓಡಾಡುತ್ತವೆ. ಆಗಲೂ ಹಾಕಬಾರದು. ಹೆಚ್ಚುಕಡಿಮೆ ಎಲ್ಲವೂ ಏಳುವ ತನಕ ಕಾಯಬೇಕು. ಮುಂಚೆ ಎದ್ದವು ಹಸಿವು ತಡೆಯುತ್ತವೆ, ಸಾಯುವುದಿಲ್ಲ. ಹುಳ ಸಾಕುವ ವಿದ್ಯೆಯೆಲ್ಲ ಇರುವುದು ಈ ಸುಮ್ಮನಿರುವ ಒಂದು ದಿನದಲ್ಲಿ.

ಹಿಂದಿನ ಜ್ವರಗಳಲ್ಲಿ ನಾನು ಬಾಗಿಲಲ್ಲೇ ನಿಂತು ಹೊತ್ತು ಹೇಳಿದ್ದೆ. ನಾಲ್ಕನೆಯ ಜ್ವರಕ್ಕೆ ಹುಳ ಕೂತ ದಿನವೇ ಚಿಕ್ಕಬಳ್ಳಾಪುರದಲ್ಲಿ ನನ್ನ ಕಣ್ಣಿನ ಆಪರೇಷನ್ನಿಗೆ ಬರಹೇಳಿದ್ದರು. ಮಂಜುಳ ಜೊತೆಗೆ ಬಂದಳು. ಹೊರಡುವಾಗ ಸೀನನಿಗೆ ಹೇಳಿದೆ: "ನೋಡಪ್ಪ, ಎಲ್ಲಾ ಏಳೋ ತನಕ ಸೊಪ್ಪು ಹಾಕ್ಬೇಡ. ನಾಳೆ ಮಧ್ಯಾಹ್ನದ್ ಮೇಲಾದ್ರೂ ಆಯ್ತು, ಸಂಜೆಯಾದ್ರೂ ಆಯ್ತು."

"ಕರೆಕ್ಟಾಗಿ ಎಷ್ಟು ಗಂಟೆಗಮ್ಮ?"

"ಅವು ಎದ್ದಾಗ."

ಈ ಉತ್ತರ ಅವನಿಗೆ ಹಿಡಿಸಲಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಮಾರನೆಯ ದಿನ ಸಂಜೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದೆ. ಇನ್ನೊಂದೇ ಕಣ್ಣಲ್ಲಿ ಹುಳದ ಮನೆಯ ಬಾಗಿಲಿನಿಂದ ನೋಡಿದೆ. ಒಂದು ಕಣ್ಣು ಸಾಕಾಯಿತು. ಮೇಲೆ ಮೂರರಲ್ಲಿ ಒಂದು ಪಾಲು ಹುಳ ದಪ್ಪದಪ್ಪಗೆ ಸೊಪ್ಪು ಮೇಯುತ್ತಿವೆ. ಉಳಿದವು ಕೊಂಬೆ ಸಮೇತ ಹಾಕಿದ ಕಡ್ಡಿಸೊಪ್ಪಿನ ಕೆಳಗೆ ಹೂತುಹೋಗಿವೆ. ಕೆಲವು ಆಗ ಎದ್ದು ದಾರಿ ಹುಡುಕುತ್ತಿವೆ, ಕೆಲವು ಇನ್ನೂ ಎದ್ದೇ ಇಲ್ಲ.

"ಏನೋ ಮಾಡ್ದೆ ಸೀನ?"

"ಬೆಳಗ್ಗೆ ಆರಕ್ಕೆ ಸೊಪ್ಪು ಕೊಟ್ಟೆನಮ್ಮ. ಅಷ್ಟೊಂದು ಎದ್ದು ರೆಡಿಯಾಗಿದ್ವು. ಟೈಮಿಗೆ ಎದ್ದೋರನ್ನ ಉಪವಾಸ ಕೆಡವಿ, ಮಲಗಿರೋ ಸೋಮಾರಿಗಳಿಗೆ ಕಾಯೋದು ಯಾವ ನ್ಯಾಯ? ಲೇಟಾಗಿ ಎದ್ರೆ ಊಟ ಇಲ್ಲ ಅಂದ್ರೆ ನಾಳೆಯಿಂದ ಬೇಗ ಏಳ್ತಾವೆ."

ನಾನು ನಗಬೇಕೋ ಬಯ್ಯಬೇಕೋ ತಿಳಿಯದೆ ಬಾಗಿಲಿಗೆ ಒರಗಿದೆ. ಜೋರಾಗಿ ನಗಬೇಡಿ, ಕಣ್ಣಿಗೆ ಒತ್ತಡವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಬಯ್ಯುವುದರ ಬಗ್ಗೆ ಏನೂ ಹೇಳಿರಲಿಲ್ಲ. ಅದಕ್ಕೇ ಬೈದೆ.

"ಅವು ಸೋಮಾರಿಗಳಲ್ಲ ಕಣೋ, ಚರ್ಮ ಬಿಡ್ತಾ ಇದ್ವು! ನೀನು ಒಂದ್ಸಲ ಬಿಟ್ಟು ನೋಡು, ಎಷ್ಟೊತ್ತು ಹಿಡಿಯುತ್ತೆ ಅಂತ. ಈಗ ಒಂದೇ ಮನೇಲಿ ಎರಡು ವಯಸ್ಸಿನ ಹುಳ ಆಯ್ತು. ಒಂದು ಪಾಲು ಗೂಡು ಕಟ್ಟಕ್ಕೆ ಹೊರಟಾಗ ಇನ್ನೊಂದು ಪಾಲು ಸೊಪ್ಪು ಕೇಳ್ತದೆ. ಬೆಳೆ ಒಡ್ದೋಯ್ತಲ್ಲಪ್ಪ!"

ಮಂಜುಳ ಒಳಗೆ ಹೋಗಿ ಅವನ ಮಿಲಿಟರಿ ಟ್ರಂಕನ್ನು ಅಟ್ಟದಿಂದ ಇಳಿಸಿ, ನಡುಮನೆಯಲ್ಲಿಟ್ಟು, ಧೂಳು ಒರೆಸಿದಳು.

ನಮ್ಮೂರಿನ ಬೇರೆ ಗಂಡಸಾಗಿದ್ದರೆ ಈಗ ಏನೇನು ಹೇಳುತ್ತಿದ್ದ ಎಂಬುದು ನನಗೆ ಬಾಯಿಪಾಠ. ಕೊಂಡು ತಂದ ಚಾಕಿ ಮರಿಹುಳವೇ ಸರಿಯಿರಲಿಲ್ಲ, ಸೊಪ್ಪಿನಲ್ಲಿ ಯಾರೋ ಔಷಧಿ ಹೊಡೆದಿದ್ದರು, ಹೊಟ್ಟೆಕಿಚ್ಚಿನವರ ಕಣ್ಣು ಬಿತ್ತು. ಕೊನೆಗೆ ಹೆಂಡತಿಯ ಕಾಲ್ಗುಣ. ಸೀನ ಹುಳವನ್ನು ನೋಡಿದ, ಟ್ರಂಕನ್ನು ನೋಡಿದ, ನನ್ನ ಮುಂದೆ ನೆಟ್ಟಗೆ ನಿಂತ.

"ತಪ್ಪು ನಂದಮ್ಮ. ನೀನು ಹೇಳಿದ್ದೆ, ನಾನು ಕೇಳ್ಲಿಲ್ಲ. ಈಗ ಏನ್ ಮಾಡ್ಬೇಕು ಹೇಳು."

ಗಂಡಸಿನ ಬಾಯಲ್ಲಿ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮಿಲಿಟರಿಯಲ್ಲಿ ಹದಿನೇಳು ವರ್ಷ ಕಲಿಸಿದ್ದರಲ್ಲಿ ಹಾಸಿಗೆ ಮಡಿಸುವುದನ್ನು ಬಿಟ್ಟು ಇದೊಂದೂ ಇತ್ತು ನೋಡಿ. ಕಾಲೇಜಿನ ಭಾಷಣದಲ್ಲಿ ಇದನ್ನು ಅವನು ಹೇಳಿರಲಿಲ್ಲ.

ದಾರಿ ಇತ್ತು. ಹುಳದ ಮೇಲೆ ಬಲೆ ಹಾಸಿ, ಬಲೆಯ ಮೇಲೆ ಸೊಪ್ಪು ಹರಡಿದರೆ ಎದ್ದಿರುವವು ಮೇಲೆ ಹತ್ತುತ್ತವೆ. ಬಲೆ ಎತ್ತಿ ಅವನ್ನು ಬೇರೆ ಅಂಕಣಕ್ಕೆ ಸಾಗಿಸಬೇಕು. ಕೆಳಗೆ ಉಳಿದವನ್ನು ಬೇರೆ ಪಾಲು ಮಾಡಬೇಕು. ಆಮೇಲೆ ಎರಡು ಮನೆಯ ಸಂಸಾರ. ಇದಕ್ಕೆ ಮೂರು ಹೊತ್ತು, ಅದಕ್ಕೆ ಮೂರು ಹೊತ್ತು. ಸೊಪ್ಪು ಕೊಯ್ಯುವುದೂ ಬೇರೆ ಬೇರೆ, ಹಿಕ್ಕೆ ತೆಗೆಯುವುದೂ ಬೇರೆ ಬೇರೆ. ನಾನು ಬಗ್ಗುವ ಹಾಗಿರಲಿಲ್ಲ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಒಂಟಿಕಣ್ಣಿನ ಸುಬೇದಾರಳ ಹಾಗೆ ಆರ್ಡರ್ ಕೊಟ್ಟೆ. ಅವನು ಮಾಡಿದ. ಒಂದು ದಿನ ಎರಡು ದಿನವಲ್ಲ, ಎಂಟು ದಿನ. ಗೊಣಗಲಿಲ್ಲ, ಒಂದು ಹೊತ್ತು ತಪ್ಪಿಸಲಿಲ್ಲ, ಸುಸ್ತಾಯಿತೆಂದು ಹೆಂಡತಿಯ ಮೇಲೆ ರೇಗಲಿಲ್ಲ. ಐದನೆಯ ದಿನ ಮಂಜುಳ ಸೊಪ್ಪಿನ ಹೊರೆಯ ಇನ್ನೊಂದು ತುದಿ ಹಿಡಿದಳು.

"ಕೈ ಹಾಕಲ್ಲ ಅಂದಿದ್ದೆ?" ಎಂದ.

"ಕೈ ಎಲ್ಲಿ ಹಾಕ್ದೆ? ದಾರೀಲಿ ಅಡ್ಡ ಬಂತು, ಎತ್ತಿದೆ" ಎಂದಳು.

ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟದ್ದೂ ಎರಡು ಸಲ, ಗೂಡು ಬಿಡಿಸಿದ್ದೂ ಎರಡು ಸಲ. ಕೆಳಗೆ ಹೂತಿದ್ದವುಗಳಲ್ಲಿ ಒಂದಷ್ಟು ಸತ್ತಿದ್ದವು. ಅದನ್ನು ಮುಚ್ಚಿಡುವುದಿಲ್ಲ. ಉಳಿದದ್ದು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಗೂಡು ಕೊಳ್ಳುವ ಸಾಹೇಬರು ಒಂದು ಹಿಡಿ ಕೈಗೆತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, "ಗೂಡು ಗಟ್ಟಿ ಐತೆ. ಹೊಸಬನಾ?" ಎಂದರಂತೆ. ಸೀನ ಊರಿಗೆ ಬಂದು ಈ ಮಾತನ್ನು ಮೂರು ಸಲ ಹೇಳಿದ. ಶಾಲು ಹೊದಿಸಿದ್ದನ್ನು ಒಂದು ಸಲವೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಮಾರನೆಯ ದಿನ ಯಲಹಂಕದಿಂದ ಫೋನು ಬಂತು. ಅವನು ಮಂಜುಳಳ ಮುಖ ನೋಡಿದ.

"ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕ್ದೆ ಇರಕ್ಕೆ ನಿಮ್ಮ ಕೈಲಿ ಆಗುತ್ತಾ?" ಎಂದಳು.

"ಆಗುತ್ತೆ."

"ಹಂಗಾದ್ರೆ ಬರಲ್ಲ ಅಂತ ಹೇಳಿ."

ಈಗ ಎರಡನೆಯ ಬೆಳೆ ನಡೆದಿದೆ. ಇವತ್ತು ನಾಲ್ಕನೆಯ ಜ್ವರದಿಂದ ಹುಳ ಏಳುವ ದಿನ. ಬೆಳಗ್ಗೆ ಆರಕ್ಕೆ ಕಾಲು ಪಾಲು ಎದ್ದಿದ್ದವು, ಒಂಬತ್ತಕ್ಕೆ ಅರ್ಧ. ಸೀನ ಹುಳದ ಮನೆಯ ಹೊಸ್ತಿಲ ಮೇಲೆ ಕೂತು, ಎರಡು ಕೈಯನ್ನೂ ತೊಡೆಯ ಕೆಳಗೆ ಸೇರಿಸಿಕೊಂಡಿದ್ದ. ಹುಳ ನೋಡುತ್ತಾನೆ, ಒದ್ದೆ ಗೋಣಿ ಹೊದಿಸಿಟ್ಟ ಸೊಪ್ಪು ನೋಡುತ್ತಾನೆ, ನನ್ನ ಕಡೆ ನೋಡುತ್ತಾನೆ.

"ಹಸ್ಕೊಂಡವೆ ಕಣಮ್ಮ."

"ಹಸ್ಕೊಳ್ಳಲಿ."

"ಇನ್ನೆಷ್ಟೊತ್ತು?"

"ನನ್ನೇನು ಕೇಳ್ತೀಯ? ಅವನ್ನ ಕೇಳು."

ಹತ್ತು ನಿಮಿಷ ತಡೆದ. ಆಮೇಲೆ ಎದ್ದು ಹೋಗಿ ಕಟ್ಟಿಗೆಯ ರಾಶಿಯನ್ನು ಕೆಡವಿ, ಉದ್ದದ್ದು ಬೇರೆ, ಗಿಡ್ಡದ್ದು ಬೇರೆ ಮಾಡಿ ಮತ್ತೆ ಒಟ್ಟಿದ. ಬಾವಿಯ ಹಗ್ಗ ಸುತ್ತಿಟ್ಟ. ಮುನಿಲಕ್ಷ್ಮಮ್ಮನ ಕೊಟ್ಟಿಗೆಯ ಅಗುಳಿ ಸಡಿಲವಾಗಿದೆಯೆಂದು ಅದನ್ನೂ ರಿಪೇರಿ ಮಾಡಿ ಬಂದ. ನಾನು ಬೇಡವೆನ್ನಲಿಲ್ಲ. ಒಂದು ಕೆಲಸ ಮಾಡದೆ ಇರುವುದಕ್ಕೆ ಗಂಡಸಿಗೆ ಇನ್ನೂ ಮೂರು ಕೆಲಸ ಬೇಕಾಗುತ್ತವೆ ಎಂದು ಕಾಣುತ್ತದೆ. ಹುಳ ಪಾಪ, ಸುಮ್ಮನೆ ಕೂತೇ ಚರ್ಮ ಬಿಡುತ್ತದೆ. ಇವನು ಹೀಗೆ ಓಡಾಡುತ್ತಲೇ ಬಿಡುತ್ತಿದ್ದಾನೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ನಮ್ಮ ಮನೆಯಲ್ಲಿ ಯಾರೂ ಅವಸರ ಮಾಡುವುದಿಲ್ಲ.