ಒಪ್ಪಿಗೆಯ ಅರ್ಜಿಯ ಮೇಲೆ ನನಗೆ ಬಂದ ಅನುಮಾನ

೨೦೦೫ರಲ್ಲಿ ನಾನು ಹೈದರಾಬಾದಿನ ಕೌಟುಂಬಿಕ ನ್ಯಾಯಾಲಯವೊಂದರಲ್ಲಿ ಆಪ್ತಸಮಾಲೋಚಕಿಯಾಗಿದ್ದೆ. ಗಚ್ಚಿಬೌಲಿ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನನ್ನ ಕೋಣೆಗೆ ಬರುತ್ತಿದ್ದವರು ಬಹುಪಾಲು ಅಲ್ಲಿ ಕೆಲಸ ಮಾಡುವ, ಮದುವೆಯಾಗಿ ಎರಡು ಮೂರು ವರ್ಷವಾದ ಜೋಡಿಗಳು. ಹೀಗಾಗಿ ಮಾಣಿಕಪ್ಪ ಮತ್ತು ಶಕುಂತಲಾಬಾಯಿ ಒಳಗೆ ಬಂದಾಗ, ಮಗಳ ಪ್ರಕರಣಕ್ಕೆ ಬಂದ ತಂದೆತಾಯಿ ಇರಬೇಕೆಂದುಕೊಂಡೆ. ಕಡತ ತೆರೆದರೆ ಅರ್ಜಿದಾರರು ಅವರೇ.

ಇಬ್ಬರೂ ಭಾಲ್ಕಿ ಕಡೆಯವರು. ಐವತ್ತೇಳರ ಮಾಣಿಕಪ್ಪ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ತಯಾರಾದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ. ನಿವೃತ್ತಿಗೆ ಹತ್ತು ತಿಂಗಳಿತ್ತು. ಐವತ್ತಮೂರರ ಶಕುಂತಲಾಬಾಯಿ ಗೃಹಿಣಿ. ಒಬ್ಬಳೇ ಮಗಳು ಮದುವೆಯಾಗಿ ಸೊಲ್ಲಾಪುರದಲ್ಲಿದ್ದಳು. ಸಲ್ಲಿಸಿದ್ದು ಪರಸ್ಪರ ಒಪ್ಪಿಗೆಯ ಅರ್ಜಿ. ಇಂಥ ಅರ್ಜಿಯಲ್ಲಿ ಯಾರೂ ಯಾರ ಮೇಲೂ ಆರೋಪ ಹೊರಿಸಬೇಕಿಲ್ಲ. ಆರು ತಿಂಗಳ ನಂತರವೂ ಇಬ್ಬರ ಮನಸ್ಸು ಬದಲಾಗದಿದ್ದರೆ ವಿಚ್ಛೇದನ ಸಿಗುತ್ತದೆ. ಒಪ್ಪಿಗೆ ನಿಜವಾದದ್ದೇ, ಒತ್ತಾಯದ್ದೇ ಎಂದು ನೋಡುವುದು ನನ್ನ ಕೆಲಸ.

ಮೊದಲ ದಿನ ಎಲ್ಲ ಪ್ರಶ್ನೆಗಳಿಗೂ ಮಾಣಿಕಪ್ಪನವರೇ ಉತ್ತರಿಸಿದರು. ಅರ್ಜಿಯಲ್ಲಿದ್ದ ವಾಕ್ಯಗಳನ್ನೇ ಬಾಯಿಪಾಠ ಒಪ್ಪಿಸಿದಂತಿತ್ತು. ಆಕೆ ತಲೆಯಾಡಿಸಿದರು, ಅಷ್ಟೇ. ನನಗೆ ಅನುಮಾನ ಬಂತು. ಈತನಿಗೆ ಬೇರೆ ಸಂಬಂಧವಿದ್ದು, ಹೆಂಡತಿಯನ್ನು ಹೆದರಿಸಿ ಸಹಿ ಹಾಕಿಸಿರಬೇಕು. ನೇರವಾಗಿಯೇ ಕೇಳಿದೆ. ಆತನಿಗೆ ಸಿಟ್ಟು ಬರಲಿಲ್ಲ.

“ಅದನ್ನ ಅಕಿಗೇ ಕೇಳ್ರಿ ಮೇಡಂ,” ಎಂದರು, ಹೆಂಡತಿಯ ಮಡಿಲಲ್ಲಿದ್ದ ಪರ್ಸನ್ನು ನೋಡುತ್ತ.

ಆ ಒಂದು ಮಾತು ನನ್ನ ತಲೆ ಕೆಡಿಸಿತು; ಬೇರೆ ಸಂಬಂಧ ಆಕೆಗೇ ಇರಬಹುದೇ? ಎರಡನೆಯ ಭೇಟಿಯಲ್ಲಿ ನಾನು ಆಕೆಯನ್ನೇ ಗಮನಿಸತೊಡಗಿದೆ. ಪರ್ಸನ್ನು ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದಾರೆ? ಮತ್ತೆ ಮತ್ತೆ ಗಡಿಯಾರ ಯಾಕೆ ನೋಡುತ್ತಾರೆ? ವಿಚ್ಛೇದನದ ನಂತರ ಊರಿನ ಇನ್ನೊಂದು ಬದಿಯ ನಾಚಾರಂನಲ್ಲಿರುತ್ತೇನೆ ಎಂದರು; ಅಲ್ಲಿ ಯಾರಿದ್ದಾರೆ ಎಂಬ ನನ್ನ ಪ್ರಶ್ನೆಗೆ ಆಕೆ ಒಂದು ಕ್ಷಣ ತಡೆದು, ತಂಗಿ ಎಂದರು. ಆ ತಡೆದದ್ದನ್ನೂ ನಾನು ಟಿಪ್ಪಣಿಯಲ್ಲಿ ಬರೆದುಕೊಂಡೆ.

ಮೂರನೆಯ ಭೇಟಿಯಲ್ಲಿ ಮಾಣಿಕಪ್ಪನವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಐದು ನಿಮಿಷವೂ ಆಗಿರಲಿಲ್ಲ, ಆಕೆಯ ಪರ್ಸಿನಲ್ಲಿ ಮೊಬೈಲ್ ರಿಂಗಾಯಿತು. ಆಕೆ ತೆಗೆಯಲಿಲ್ಲ. ನಿಂತು ಮತ್ತೆ ರಿಂಗಾಯಿತು. ಯಾರದೆಂದು ಕೇಳಿದೆ. ಆಕೆ ಬಾಗಿಲಿನ ಕಡೆ ಕೈ ತೋರಿಸಿದರು. ಎದ್ದು ತೆರೆದೆ. ಮಾಣಿಕಪ್ಪನವರು ಹೊಸ್ತಿಲಿಗೇ ಅಂಟಿಕೊಂಡು, ಕಿವಿಗೆ ಫೋನ್ ಹಿಡಿದು ನಿಂತಿದ್ದರು. ಅವರನ್ನು ವರಾಂಡದ ಕೊನೆಯ ಬೆಂಚಿಗೆ ಕಳಿಸಿ ಬಂದೆ.

ಆಗ ಶಕುಂತಲಾಬಾಯಿ ಬಾಯಿಬಿಟ್ಟರು.

“ಮೂವತ್ತೊಂದು ವರ್ಷ ಆತ್ರಿ ಮೇಡಂ. ಅವರು ಡ್ಯೂಟಿಗೆ ಹೋದ್ರ ಎಂಟು ತಾಸು ನನಗ ಉಸಿರಾಡಾಕ ಸಿಗತಿತ್ತು. ಈ ಫೋನ್ ಕೊಡಿಸಿದ ಮ್ಯಾಲೆ ಅದೂ ಹೋತು. ಇನ್ನ ರಿಟೈರಾಗಿ ಮನ್ಯಾಗ ಕುಂತ್ರ, ನಾ ಉಳಿಯಂಗಿಲ್ಲ.”

ಆ ಫೋನು ಬಂದಾಗ ಓಣಿಯ ಹೆಂಗಸರೆಲ್ಲ ಎಂಥ ಗಂಡ ಎಂದು ಹೊಗಳಿದ್ದರಂತೆ. ಗಂಟೆಗೊಮ್ಮೆ ಕರೆ. ಸಂತೆಯ ಗದ್ದಲ ಕೇಳಿಸಿದರೆ ಯಾವ ಸಂತೆ, ಕೇಳಿಸದಿದ್ದರೆ ಯಾರ ಮನೆ. ಹಾಲಿನವನೊಂದಿಗೆ ನಕ್ಕದ್ದಕ್ಕೆ ಒಂದು ತಿಂಗಳು ಮಾತು ಬಿಟ್ಟದ್ದೂ ಇತ್ತು. ಅರ್ಜಿ ಬರೆಸಿದವರು ಆಕೆಯೇ. ಒಪ್ಪದಿದ್ದರೆ ಇದನ್ನೆಲ್ಲ ಕೋರ್ಟಿನಲ್ಲಿ ಹೇಳುತ್ತೇನೆ ಎಂದಾಗ ಮಾಣಿಕಪ್ಪನವರು ಒಪ್ಪಿದ್ದರು. ಅವರದೊಂದೇ ಶರತ್ತು: ಬಿಟ್ಟವನು ತಾನೆಂದೇ ನೆಂಟರಿಗೆ ಗೊತ್ತಾಗಬೇಕು.

“ಏನ್ ಹೇಳಬೇಕಂತ ಅವರಿಗೆ ಬಾಯಿಪಾಠ ಮಾಡಿಸಿದಾಕಿ ನಾನs ರಿ,” ಎಂದರು.

ನಾಚಾರಂನ ಹೊಲಿಗೆ ಘಟಕವೊಂದರಲ್ಲಿ ಆಕೆ ಆಗಲೇ ಕೆಲಸ ಗೊತ್ತುಮಾಡಿಕೊಂಡಿದ್ದರು. ಅಂದು ಗಂಡನೆದುರು ತಡವರಿಸಿದ್ದು ಅದಕ್ಕೇ. ಆ ಸಂಜೆ ನನ್ನ ಟಿಪ್ಪಣಿಗಳನ್ನು ಓದಿಕೊಂಡೆ. ಪರ್ಸು, ಗಡಿಯಾರ, ತಡೆದ ಕ್ಷಣ. ಮಾಣಿಕಪ್ಪನವರು ಬರೆದಿದ್ದರೂ ಅದನ್ನೇ ಬರೆಯುತ್ತಿದ್ದರು. ನಾಚಿಕೆಯಾಯಿತು. ಮಾಣಿಕಪ್ಪನವರನ್ನೂ ಒಬ್ಬರನ್ನೇ ಕೂರಿಸಿ ಕೇಳಿ, ಒಪ್ಪಿಗೆಯಲ್ಲಿ ಒತ್ತಾಯವಿಲ್ಲ ಎಂದು ವರದಿ ಕೊಟ್ಟೆ. ಆರು ತಿಂಗಳ ನಂತರ ಇಬ್ಬರೂ ಅದೇ ಮಾತು ಹೇಳಿದರು; ವಿಚ್ಛೇದನವಾಯಿತು.

ಮರುವರ್ಷ, ನಿವೃತ್ತರಾದ ಮೇಲೆ, ಮಾಣಿಕಪ್ಪನವರು ಒಬ್ಬರೇ ಬಂದರು. ತುಂಬ ಇಳಿದುಹೋಗಿದ್ದರು.

“ವಿಳಾಸ ಬ್ಯಾಡ್ರಿ. ಆರಾಮ ಅದಾಳೇನು, ಅಷ್ಟ ಹೇಳ್ರಿ.”

ಅದನ್ನು ಹೇಳುವಂತಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿದರು.

“ಗೊತ್ತಿಲ್ಲ ಅನ್ನಲಿಲ್ಲ ನೀವು,” ಎಂದು ಎದ್ದು ಹೋದರು.

ಅದು ಪ್ರೀತಿಯೋ ಪಹರೆಯೋ ನನಗೆ ಇಂದಿಗೂ ತಿಳಿದಿಲ್ಲ. ಅನುಮಾನಪಡುವುದು ಈ ವೃತ್ತಿಯಲ್ಲಿ ಅನಿವಾರ್ಯ. ಆದರೆ ಎದುರು ಕುಳಿತವರ ಅನುಮಾನವನ್ನೇ ಕಡ ತಂದು ನನ್ನದೆಂದು ಬಳಸಬಾರದು ಎಂಬುದನ್ನು ಕಲಿತೆ. ಆಮೇಲೆ, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳದೆ ಯಾವ ವರದಿಗೂ ನಾನು ಸಹಿ ಹಾಕಲಿಲ್ಲ.