ನೋಡದೆ ಬರೆದ ಹೊತ್ತು

ಅವರ ಕೈಗಡಿಯಾರದ ಮುಖ ಸದಾ ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿರುತ್ತಿತ್ತು. ಹೊತ್ತು ನೋಡಬೇಕಾದರೆ ಪ್ರಸಾದಕ್ಕೆ ಒಡ್ಡಿದಂತೆ ಅಂಗೈ ಮೇಲೆತ್ತುತ್ತಿದ್ದರು.

ಪಾಂಡವಪುರದ ಹಾಲಿನ ಕಚೇರಿಯಲ್ಲಿ ನನಗೆ ಕಂಪ್ಯೂಟರ್ ಕೆಲಸ ಕಲಿಸಿದವರು ಅವರು. ನಾವೆಲ್ಲ ಮೇಷ್ಟ್ರೇ ಅನ್ನುತ್ತಿದ್ದೆವು. ಯಾವ ಲಾರಿ ಯಾವ ಊರಿನ ಹಾಲು ತರಬೇಕೆಂಬ ಪಟ್ಟಿಯನ್ನು ಕಂಪ್ಯೂಟರ್ ಪ್ರತಿ ಬೆಳಿಗ್ಗೆ ಹಂತಹಂತವಾಗಿ ತಯಾರಿಸುತ್ತಿತ್ತು. ಮೇಷ್ಟ್ರು ಕಿರಂಗೂರಿನಿಂದ ಮೊದಲ ಬಸ್ಸಿಗೆ ಬಂದು, ಒಂದೊಂದು ಹಂತ ಶುರುವಾದ, ಮುಗಿದ ಹೊತ್ತನ್ನು ಪೆನ್ಸಿಲಿನಲ್ಲಿ ಪುಸ್ತಕಕ್ಕೆ ಬರೆಯುವರು.

"ದಿನಾ ಒಂದೇ ಥರ ತಾನೇ ಮೇಷ್ಟ್ರೇ?"

"ಒಂದೇ ಥರ ಅಂತ ಗೊತ್ತಾಗದೂ ಬರದ್ರೇ ಕಣ್ಲಾ."

ಹೆಂಡತಿಯ ಕಣ್ಣಿನ ಆಪರೇಷನ್‌ಗೆಂದು ಅವರು ವಾರ ರಜೆ ಹಾಕಿದಾಗ ಪುಸ್ತಕ ನನ್ನ ಕೈಗೆ ಬಂತು. ಎರಡು ದಿನ ನೋಡಿ ಬರೆದೆ. ಆಮೇಲೆ ಕಾಫಿ ಕುಡಿದು ಬಂದು ಹಿಂದಿನ ದಿನದ್ದನ್ನೇ ನಕಲು ಮಾಡಿದೆ. ಅದೇ ವಾರ ಹೊಸ ಸಾಫ್ಟ್‌ವೇರ್ ಹಾಕಿದರು. ಪಟ್ಟಿ ತಡವಾಗತೊಡಗಿತು. ಸಂತೆಬಾಚಹಳ್ಳಿ ಕಡೆಗೆ ಲಾರಿ ಹೋಗುವಷ್ಟರಲ್ಲಿ ಕ್ಯಾನುಗಳಲ್ಲೇ ಹಾಲು ಕೆಟ್ಟಿರುತ್ತಿತ್ತು.

ರಜೆಯಿಂದ ಬಂದವರೇ ಪುಸ್ತಕ ನೋಡಿದರು. "ಹಂತ ಎಲ್ಲಾ ಮೊದ್ಲಿನಂಗೇ ಓಡ್ಯವೆ. ತಡ ಪ್ರಿಂಟರ್ ತಾವ ಆಯ್ತಾ ಅದೆ" ಎಂದು ಹೊತ್ತು ಬರೆಯುವುದನ್ನೂ ಬಿಟ್ಟು ಎರಡು ದಿನ ಪ್ರಿಂಟರು, ವೈರು ಬಿಚ್ಚಿ ನೋಡಿದರು. ನಾನು ಟಾರ್ಚು ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಫೋನಿನಲ್ಲಿ ಒಬ್ಬಾಕೆ, "ಕೋಳಿ ಕೂಗೋ ಹೊತ್ಗೆ ಎದ್ದು ಕರೆದಿದ್ ಹಾಲು ಸ್ವಾಮಿ, ಚರಂಡಿಗೆ ಸುರುದ್ಬುಟ್ರು" ಅಂದಳು. "ತಪ್ಪಾಯ್ತು ಕಣವ್ವ" ಎಂದವರು ಮೇಷ್ಟ್ರು.

ಮೂರನೆಯ ಬೆಳಿಗ್ಗೆ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಕೂತರು. ಹತ್ತು ನಿಮಿಷದ ಮೊದಲ ಹಂತಕ್ಕೇ ಒಂದೂವರೆ ಗಂಟೆ ಹಿಡಿಯಿತು.

"ಹೊಸ ಪೋಸ್ಟ್‌ಮ್ಯಾನ್ ಬಂದಂಗಾಗದೆ. ಒಂದ್ ಕಾಗ್ದಕ್ಕೆ ಊರೋರ ಮನೆ ಬಾಗ್ಲೆಲ್ಲಾ ತಟ್ತಾವ್ನೆ."

ಯಾವ ಊರಿನ ದಾಖಲೆ ಎಷ್ಟಿದೆ ಎಂಬ ಅಂದಾಜು ಹೊಸ ಸಾಫ್ಟ್‌ವೇರಿಗೆ ಬಂದೇ ಇರಲಿಲ್ಲ; ಅದಿಲ್ಲದೆ ಒಂದು ಊರಿನ ಲೆಕ್ಕಕ್ಕೂ ಎಲ್ಲ ಊರುಗಳ ದಾಖಲೆ ಜಾಲಾಡುತ್ತಿತ್ತು. ಮೇಷ್ಟ್ರು ಆ ಅಂದಾಜನ್ನು ಮತ್ತೆ ಹಾಕಿಸಿದರು. ಮರುದಿನ ಪಟ್ಟಿ ಹೊತ್ತಿಗೆ ಸರಿಯಾಗಿ ಬಂತು.

ಆಮೇಲೆ ಪುಸ್ತಕ ತೆರೆದು ನಾನು ಬರೆದ ಸಾಲುಗಳ ಮೇಲೆ ಬೆರಳಾಡಿಸಿದರು. ಐದು ದಿನ, ನಿಮಿಷವೂ ಆಚೀಚೆ ಇಲ್ಲದೆ ಅದೇ ಹೊತ್ತು. ನನ್ನತ್ತ ನೋಡಿದರು. "ತಿಂಡಿ ಆಯ್ತೇನ್ಲಾ?" ಎಂದು ಚಿತ್ರಾನ್ನದ ಡಬ್ಬಿ ತಳ್ಳಿದರು. ಸಾಹೇಬರಿಗೂ ಹೇಳಲಿಲ್ಲ. ಆದರೆ ಪುಸ್ತಕವನ್ನು ಮತ್ತೆ ನನ್ನ ಕೈಗೆ ಕೊಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ತಿಥಿಗೆ ಹೋದಾಗ ಅವರ ಹೆಂಡತಿ ದಪ್ಪ ಕನ್ನಡಕದೊಳಗಿಂದ ನನ್ನ ಗುರುತು ಹಿಡಿದರು.

"ಇನ್ನೊಂದ್ ಕಣ್ಣಿನ ಆಪರೇಷನ್‌ಗೆ ರಜ ಹಾಕ್ನೇ ಇಲ್ಲ ಕಣಪ್ಪ. ನಮ್ಮಣ್ಣನ ಜೊತೆ ಕಳಿಸಿದ್ರು. ಆಪೀಸ್ನಾಗೆ ನೋಡ್ಕಳಕ್ಕೆ ನೀನಿದ್ದೀಯಲ್ಲ ಅಂತ ನಾನಂದ್ರೆ ಸುಮ್ಕಾಗ್ಬುಡೋರು. ಯಾಕೋ ಏನೋ."

ಯಾಕೆಂದು ನನಗೆ ಗೊತ್ತಿತ್ತು. ಆಗಲೂ ಬಾಯಿ ಬಿಡಲಿಲ್ಲ.