ಇನ್ನೊಂದೇ ಬಾಕಿ

ಹಳೆಯದು ಅಳಿದರೆ ಹೊಸದು ಹುಟ್ಟುತ್ತದೆ ಎಂಬುದು ಲೋಕನಿಯಮ. ನಮ್ಮ ಶಾಲೆಯ ಕಂಪ್ಯೂಟರಿಗೆ ಇದನ್ನು ಯಾರೂ ತಿಳಿಸಿರಲಿಲ್ಲ.

ಪಕ್ಕದ ಜಯಪುರದಿಂದ ಬಂದ ರಿಪೇರಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರು. ಸ್ಕ್ರೂಡ್ರೈವರನ್ನು ಜೇಬಿಗೆ ಸಿಕ್ಕಿಸಿ, "ಆಯ್ತು ಮೇಷ್ಟ್ರೇ, ಇನ್ನೊಂದೇ ಬಾಕಿ" ಎಂದರು. ಮೊದಲು ಬಾಕಿಯಿದ್ದದ್ದು ಪರದೆಯ ಬಣ್ಣ, ಆಮೇಲೆ ಸದ್ದು, ಕೊನೆಗೆ ಪ್ರಿಂಟರ್. ಪ್ರತಿ ಸಲವೂ ಸ್ಕ್ರೂಡ್ರೈವರ್ ಜೇಬಿಗೆ ಹೋಗುತ್ತಿತ್ತು.

ಮರುದಿನವೇ ಪರೀಕ್ಷೆ, ಪ್ರಶ್ನೆಪತ್ರಿಕೆ ಅಚ್ಚಾಗಬೇಕಿತ್ತು. ಪ್ರಿಂಟರ್ ನಡೆಯಲು ಕಂಪ್ಯೂಟರಿಗೆ ಹಾಕಬೇಕಾದ ಸಿಡಿಯನ್ನು ಅವರು ಮನೆಯಲ್ಲೇ ಬಿಟ್ಟು ಬಂದಿದ್ದರು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುವಂತೆ ಹೆಂಡತಿಗೆ ಫೋನ್ ಮಾಡಿದರು. ಸಂಜೆಯ ಬಸ್ಸಿನಲ್ಲಿ ಸಿಡಿ ಬಂತು. ಹಾಕಿದರೆ ಭಜನೆ ಶುರುವಾಯಿತು.

"ಎಂತ ಮಾರಾಯ್ರೇ, ಭಜನೆ ಪ್ರಿಂಟ್ ಆಗ್ತದಾ?" ಎಂದೆ.

"ಸೌಂಡ್ ಎಷ್ಟು ಚೆಂದ ಬಂತು ನೋಡಿ! ಇನ್ನೊಂದೇ ಬಾಕಿ" ಎಂದರು.

ಮರುದಿನ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದೆವು.